ಹಿಮೇಜಿಯಿಂದ ಬಂದ ಮೇಲೆ

ಚಿ. ಸೌ. ಪುಟ್ಟಿಗೆ, ಅಮ್ಮ ಮಾಡುವ ಆಶೀರ್ವಾದಗಳು. ಇತ್ತ ನಾನೂ ನಿಮ್ಮಪ್ಪನೂ ಕ್ಷೇಮ.

ಜಪಾನಿನಲ್ಲಿ ನಿನ್ನ ಹತ್ತಿರ ಇದ್ದು ನಾವು ಊರಿಗೆ ಬಂದು ಹನ್ನೊಂದು ದಿನ ಆಯ್ತು. ದಿನಾ ಫೋನ್ ಮಾಡ್ತೀಯ. "ಊಟ ಆಯ್ತಾ" ಅಂತ ನೀನು, "ಆಯ್ತು, ನಿಂದು?" ಅಂತ ನಾನು. ಅಷ್ಟಕ್ಕೇ ಇಟ್ಟುಬಿಡ್ತೀವಿ. ಹಿಮೇಜಿ ಕೋಟೆಯಲ್ಲಿ ಆದ ಮಾತನ್ನು ಇಬ್ಬರೂ ಎತ್ತಲ್ಲ. ಬಾಯಲ್ಲಿ ಹೇಳಹೊರಟರೆ ಅಳು ಬರುತ್ತೆ, ಇಲ್ಲ ಸಿಟ್ಟು ಬರುತ್ತೆ. ಅದಕ್ಕೇ ಈ ಕಾಗದ.

ಟಿಕೆಟ್ ಕೊಡುವವರ ಹತ್ತಿರ ನೀನು ಅವರದೇ ಭಾಷೆಯಲ್ಲಿ ಸಲೀಸಾಗಿ ಮಾತಾಡಿದಾಗ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಗುಂಡು ಹೊಡೆಯೋಕೆ ಬಿಟ್ಟ ಮುಕ್ಕೋನೆ ಕಿಂಡಿ, ದುಂಡನೆ ಕಿಂಡಿ, ಶತ್ರು ದಿಕ್ಕು ತಪ್ಪಲಿ ಅಂತ ಸುತ್ತಿ ಸುತ್ತಿ ಹತ್ತಿಸುವ ದಾರಿ, ಎಲ್ಲಾ ನೀನೇ ತೋರಿಸಿದೆ. ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಆ ಸುಣ್ಣದ ಗಾರೆ ವಿಷಯವೇ ಹೇಳ್ತಿದಾರೆ. ಹೆಂಚಿನ ಸಂದಿಗೂ ಗಾರೆ ಮೆತ್ತಿದಾರೆ, ಅದಕ್ಕೇ ಮಾಡೂ ಬೆಳ್ಳಗೆ ಕಾಣೋದು ಅಂತ.

ನನಗೆ ಮಾತ್ರ ಕಣ್ಣು ಮುಚ್ಚಿದರೆ ಪಶ್ಚಿಮದ ಆ ಉದ್ದನೆ ಪಡಸಾಲೆಯೇ. ಕೈಯಲ್ಲಿ ಚಪ್ಪಲಿ ಚೀಲ, ಕಾಲಡಿ ತಣ್ಣನೆ ಹಲಗೆ. ನೀನು ಸೆನ್‌ಹಿಮೆ ಕಥೆ ಹೇಳ್ತಾ ಇದ್ದೆ. ಆಗ ದೇಶ ಆಳುತ್ತಿದ್ದ ಸೇನಾಧಿಪತಿ, ಶೋಗನ್ ಇಯೆಯಾಸುವಿನ ಮೊಮ್ಮಗಳು. 1603ರಲ್ಲಿ, ಏಳು ವರ್ಷದ ಕೂಸನ್ನು ರಾಜಕೀಯಕ್ಕಾಗಿ ಒಸಾಕಾಕ್ಕೆ ಮದುವೆ ಮಾಡಿ ಕಳಿಸಿದರು. 1615ರಲ್ಲಿ ತಾತನ ಸೈನ್ಯವೇ ಒಸಾಕಾ ಕೋಟೆ ಮುರಿಯಿತು, ಗಂಡ ಸತ್ತ. ಮತ್ತೆ ಮದುವೆಯಾಗಿ ಹಿಮೇಜಿಗೆ ಬಂದಳು. ಗಂಡುಮಗು ಹುಟ್ಟಿತು, 1621ರಲ್ಲಿ ಅದೂ ಹೋಯಿತು. ದಿನಾ ಬೆಳಿಗ್ಗೆ ಈ ಪಡಸಾಲೆಯಲ್ಲೇ ನಿಂತು ಎದುರು ಗುಡ್ಡದ ದೇವರಿಗೆ ಕೈ ಮುಗೀತಿದ್ದಳಂತೆ, ಅಂದೆ. ಅಂದವಳು ಸುಮ್ಮನಾದೆ. ಆಮೇಲೆ ಕಿಟಕಿ ಕಡೆ ತಿರುಗಿಕೊಂಡೇ, "ಜೂನ್‌ನಲ್ಲಿ ನನಗೂ ನಿಲ್ಲಲಿಲ್ಲ ಅಮ್ಮ. ಮೂರು ತಿಂಗಳಾಗಿತ್ತು" ಅಂದೆ.

"ನನಗೆ ಯಾಕೆ ಹೇಳಲಿಲ್ಲ?" ಅಂದೆ ನಾನು. ಅದೂ ಗಟ್ಟಿಯಾಗಿ, ಜನ ತಿರುಗಿ ನೋಡುವ ಹಾಗೆ. ನಿನ್ನ ಬೆನ್ನ ಮೇಲೆ ಕೈ ಇಡಬೇಕಿತ್ತು ಪುಟ್ಟಿ. ನನಗೆ ತಿಳಿಸಲಿಲ್ಲವಲ್ಲ ಅನ್ನೋದೇ ನನಗೆ ದೊಡ್ಡದಾಯಿತು. ನೀನು ಚೀಲ ಹಿಡಿದು ಮುಂದೆ ನಡೆದುಬಿಟ್ಟೆ. ತಪ್ಪು ನನ್ನದೇ.

ಅವತ್ತು ನಿನಗೆ ನೀರು ಕಾಯಿಸಿಕೊಟ್ಟವರು ಯಾರು? ಅಳಿಯಂದಿರು ಒಳ್ಳೆಯವರು, ರಜೆ ಹಾಕಿದ್ದರಂತೆ. ಆದರೂ ರಾತ್ರಿ ಎಚ್ಚರವಾದರೆ ಅದೇ ಯೋಚನೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೆಯಾ? ತಣ್ಣೀರಲ್ಲಿ ಕೈ ಇಟ್ಟೆಯಾ? ಮೆಣಸಿನ ಸಾರಿನ ಅನ್ನ ಯಾರು ಕಲಸಿಕೊಟ್ಟರು? ಆ ತಿಂಗಳೂ ನಾವು ದಿನಾ ಮಾತಾಡಿದೀವಿ. ನಾನು ಹಲಸಿನ ಹಪ್ಪಳದ ವಿಷಯ ಹೇಳ್ತಾ ಇದ್ದೆ, ಮಳೆ ಹಿಡಿದು ಒಣಗ್ತಿಲ್ಲ ಅಂತ. ನೀನು ಹೂಂ ಹೂಂ ಅಂತಿದ್ದೆ. ಆ ಹೂಂನಲ್ಲಿ ನನಗೇನೂ ಗೊತ್ತಾಗಲಿಲ್ಲವಲ್ಲ. ನೀರು ಕಾಯಿಸೋದು ಗೀಸರ್ ಇದ್ದರೆ ಏನು ಮಹಾ ಅಂತೀಯ. ಗೀಸರ್ ನೀರು ಬೇರೆ, ಒಬ್ಬರು ಕಾಯಿಸಿ ಬೆನ್ನಿಗೆ ಹುಯ್ಯೋ ನೀರು ಬೇರೆ.

ಮೇಲೆ ಹತ್ತುವಾಗ ಗೋಡೆಯಲ್ಲಿ ಬಲೆ ಹಾಕಿ ಕಾಪಾಡಿದ್ದ ಬೀಸೋ ಕಲ್ಲಿನ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಹಿದೆಯೋಶಿ ಅನ್ನೋ ದಂಡನಾಯಕ ಕೋಟೆ ಕಟ್ಟಿಸುವಾಗ ಕಲ್ಲು ಸಾಲದೆ ಬಂತು, ತಿಂಡಿ ಮಾರಿ ಬದುಕುತ್ತಿದ್ದ ಮುದುಕಿ ತನ್ನ ಬೀಸೋ ಕಲ್ಲನ್ನೇ ಕೊಟ್ಟಳು, ಅದನ್ನು ಕೇಳಿ ಊರವರೆಲ್ಲ ಕಲ್ಲು ತಂದರು ಅನ್ನೋ ಕಥೆ. ಎಲ್ಲರೂ ಮುದುಕಿಯನ್ನು ಹೊಗಳ್ತಾರೆ. ಮಾರನೇ ದಿನ ಅವಳು ಹಿಟ್ಟು ಹೇಗೆ ಮಾಡಿಕೊಂಡಳು? ನೀನೂ ಹಾಗೇ. ನಾಲ್ಕನೇ ದಿನಕ್ಕೇ ಆಫೀಸಿಗೆ ಹೋದೆಯಂತೆ. ಹೆಂಗಸಿನ ಮೈ ಒಂದು ಸಲ ಸೋತರೆ ಮುಂದೆ ಸೊಂಟ ಕೇಳುತ್ತೆ. ಕಬ್ಬಿಣದ ಮಾತ್ರೆ ಬಿಡಬೇಡ. ಡಾಕ್ಟರನ್ನು ಇನ್ನೊಮ್ಮೆ ನೋಡು. ಖರ್ಜೂರ ತಿನ್ನು. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ, ನೋಡು.

ಅದೇ ಮೈಯಲ್ಲಿ ಆರು ಅಂತಸ್ತು ಹತ್ತಿದೆ, ಅಟ್ಟದ ಏಣಿಯಂಥ ಮೆಟ್ಟಿಲು. ನಿಮ್ಮಪ್ಪ 25 ಮೀಟರಿನ ಕಂಬ ಸವರುತ್ತಾ ನಿಂತಿದ್ದರು, ನಾನು ನಿನ್ನ ಹಿಮ್ಮಡಿಯನ್ನೇ ನೋಡ್ತಾ ಹತ್ತಿದೆ.

ಕೋಟೆ ಪಕ್ಕದ ಕೋಕೋ-ಎನ್ ತೋಟವನ್ನು ನಾನು ಕೋಟೆಯಷ್ಟೇ ಹಳೆಯದು ಅಂದುಕೊಂಡಿದ್ದೆ. ಸಮುರಾಯಿಗಳ ಮನೆಗಳಿದ್ದ ಜಾಗ ಹಳೆಯದು, ಒಂಬತ್ತು ತೋಟ ಮಾಡಿ ತೆರೆದದ್ದು 1992ರಲ್ಲಿ, ಅಂದೆ ನೀನು. ನೀನು ಹುಟ್ಟಿದ ವರ್ಷ. ಆ ಗಿಡಗಳೂ ನಿನ್ನ ಜೊತೆಗೇ ಬೆಳೆದವು ಅಂತ ಹೇಳೋಣ ಅಂದುಕೊಂಡೆ. ನೀನು ಕೊಳದ ಪಕ್ಕ ಮೀನು ನೋಡ್ತಾ ಕೂತಿದ್ದೆ, ಕೆಂಪು ಎಲೆ ನೀರಿಗೆ ಬೀಳ್ತಿತ್ತು. ಪಕ್ಕದಲ್ಲಿ ಜಾಗವಿತ್ತು. ನಾನು ನಿಂತೇ ಇದ್ದೆ.

ಯಾಕೆ ಹೇಳಲಿಲ್ಲ ಅಂತ ಇನ್ನು ಕೇಳಲ್ಲ. ಹೇಳಬೇಕು ಅನಿಸಿದ ದಿನ ಹೇಳು, ಅರ್ಧರಾತ್ರಿಯಾದರೂ ಫೋನ್ ಎತ್ತುತ್ತೀನಿ. ಬಾ ಅಂದರೆ ಬರ್ತೀನಿ, ಪಾಸ್‌ಪೋರ್ಟ್ ಬೀರುವಿನ ಮುಂದಿನ ಖಾನೆಯಲ್ಲೇ ಇದೆ.

ಹೊರಡುವ ದಿನ ಬೆಳಿಗ್ಗೆ ನೀನು ಏಳುವ ಮುಂಚೆ ಮೆಣಸು ಜೀರಿಗೆ ಹುರಿದು ಪುಡಿ ಮಾಡಿದ್ದೆ. ನಿನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಅಕ್ಕಿ ಡಬ್ಬದ ಹಿಂದೆ, ಸ್ಟೀಲಿನ ಸಣ್ಣ ಡಬ್ಬಿ. ಹೇಳೋಕೆ ಬಾಯಿ ಬರಲಿಲ್ಲ. ಎರಡು ಚಮಚ ಹಾಕು, ಹುಣಸೆಹಣ್ಣು ಕಮ್ಮಿ.

ಇಂತಿ,
ಅಮ್ಮ