ಆಪರೇಟರ್ ಕ್ಯಾಬಿನ್‌ನಿಂದ ಇಳಿದ ಮೇಲೆ?

ಮಾನ್ಯರೇ,

ಚಾಲಕರಿಲ್ಲದ ಗಣಿ ಯಂತ್ರಗಳ ಮಾತು ಬಂದರೆ ಸಾಕು, ‘ಕೆಲಸ ಹೋಯ್ತು’ ಎನ್ನುವವರು ಒಂದು ಕಡೆ, ‘ಇನ್ನು ಅಪಘಾತವೇ ಇಲ್ಲ’ ಎನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ನಿಜವಲ್ಲ.

ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ರಿಯೊ ಟಿಂಟೊ ಕಂಪನಿ 2008ರಲ್ಲೇ ಚಾಲಕರಿಲ್ಲದ ಟ್ರಕ್ ಓಡಿಸಿ ನೋಡಿತ್ತು. ಈಗ ಸುಮಾರು 1,500 ಕಿ.ಮೀ. ದೂರದ ಪರ್ತ್‌ನಲ್ಲಿ ಕೂತು ಅವುಗಳ ಮೇಲೆ ಕಣ್ಣಿಡುತ್ತಾರೆ. ಆದರೆ ಅದಿರು ತುಂಬುವ ಎಕ್ಸ್‌ಕವೇಟರ್‌ನಲ್ಲಿ (ನಮ್ಮ ಕಡೆ ಹಿಟಾಚಿ ಅನ್ನುತ್ತೇವೆ) ಹೆಚ್ಚಿನ ಕಡೆ ಇಂದಿಗೂ ಮನುಷ್ಯನೇ ಇರುತ್ತಾನೆ. ಟ್ರಕ್‌ಗೆ ದಾರಿ ಗೊತ್ತು. ಬಕೆಟ್‌ಗೆ ಮುಂದೆ ಸಿಗುವುದು ಪುಡಿಯೋ, ಹೆಬ್ಬಂಡೆಯೋ ಗೊತ್ತಿಲ್ಲ. ಒಳ್ಳೆ ಆಪರೇಟರ್ ಅದನ್ನು ಎಂಜಿನ್ ಸದ್ದಿನಲ್ಲೇ, ಸೀಟು ಅದುರುವುದರಲ್ಲೇ ಹಿಡಿಯುತ್ತಾನೆ. ದೂರದಲ್ಲಿ ಪರದೆ ಮುಂದೆ ಕೂತು ಯಂತ್ರ ನಡೆಸುವವನಿಗೆ ಅದು ಸಿಗುವುದು ಕಷ್ಟ. ಸಿಗ್ನಲ್ ಚೂರು ತಡವಾದರೂ ಲೆಕ್ಕ ತಪ್ಪುತ್ತದೆ.

ಹಾಗಂತ ಬೇಡವೇ ಬೇಡ ಎನ್ನುತ್ತಿಲ್ಲ. ಕುಸಿಯುವಂತಿರುವ ಗೋಡೆಯ ಕೆಳಗೆ, ಸಿಡಿಯದೆ ಉಳಿದ ಮದ್ದು ಇರಬಹುದಾದ ಕಡೆ ರಿಮೋಟ್ ಹಿಟಾಚಿ ಇಳಿಯುವುದೇ ಸರಿ. ಅಲ್ಲಿಂದಲೇ ಶುರುವಾಗಲಿ.

ನಮ್ಮ ಬಿಇಎಂಎಲ್ ಕೆಜಿಎಫ್‌ನಲ್ಲಿ ಎಕ್ಸ್‌ಕವೇಟರ್ ತಯಾರಿಸುತ್ತದೆ. ಗಣಿಬಾಧಿತ ಊರುಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ, ಕೌಶಲ ತರಬೇತಿಗೂ ಅದನ್ನು ಬಳಸಬಹುದು. ಸಂಡೂರು, ಹೊಸಪೇಟೆ ಕಡೆಯ ಆಪರೇಟರ್‌ಗಳಿಗೆ ಸಿಮ್ಯುಲೇಟರ್ (ಅಸಲಿ ಯಂತ್ರದಂತೆಯೇ ಅಭ್ಯಾಸ ಮಾಡಿಸುವ ಸಾಧನ) ಮೇಲೆ ಕೈ ಪಳಗಿಸಲು ಈಗಲೇ ಅವಕಾಶ ಕೊಡಲಿ. ಯಂತ್ರ ಬಂದ ದಿನ ಪರದೆ ಮುಂದೆ ಗಣಿಯನ್ನೇ ನೋಡದ ಹುಡುಗರನ್ನು ಕೂರಿಸಿ, ವರ್ಷಗಟ್ಟಲೆ ಧೂಳು ಕುಡಿದವರನ್ನು ಸುಮ್ನೆ ಮನೆಗೆ ಕಳಿಸುವುದು ಯಾವ ನ್ಯಾಯ?

– ಓದುಗ, ಸಂಡೂರು