ಗುಲಾಮಗಿರಿಗೆ ಬೇರು ಕೊಟ್ಟ ಕಾಯ್ದೆಗಳು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬಂದ ಅಮೆರಿಕದ ಗುಲಾಮಗಿರಿ ಕುರಿತ ಲೇಖನದಲ್ಲಿ ಹಡಗುಗಳ, ಹತ್ತಿ ತೋಟಗಳ ವಿವರ ಜಾಸ್ತಿ ಇದೆ. ಅದನ್ನು ಬೇರೂರಿಸಿದ ಕಾಯ್ದೆಗಳ ಮಾತೇ ಇಲ್ಲ. 1619ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಅಮೆರಿಕದಲ್ಲಿ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾಕ್ಕೆ ತಂದಾಗ ಅಲ್ಲಿ ಗುಲಾಮಗಿರಿಯ ಕಾಯ್ದೆ ಇರಲಿಲ್ಲ. 1640ರಲ್ಲಿ ಮೂವರು ಆಳುಗಳು ಒಟ್ಟಿಗೆ ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಬಿಳಿಯರಿಗೆ ನಾಲ್ಕು ವರ್ಷ ಹೆಚ್ಚಿನ ದುಡಿಮೆ. ಕಪ್ಪು ಆಳು ಜಾನ್ ಪಂಚ್‌ಗೆ ಮಾತ್ರ ಜೀವನಪೂರ್ತಿ! ತಪ್ಪು ಒಂದೇ ಅಲ್ವಾ?

1662ರ ಕಾಯ್ದೆ ಇನ್ನೂ ಕ್ರೂರ. ಇಂಗ್ಲಿಷರ ಪದ್ಧತಿಯಲ್ಲಿ ಮಗುವಿನ ಸ್ಥಾನ ತಂದೆಯಿಂದ ಬರುತ್ತಿತ್ತು. ಅದನ್ನೇ ತಿರುಗಿಸಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದರು. ಒಡೆಯನೇ ತಂದೆಯಾದರೂ ಆ ಮಗು ಅವನ ಆಸ್ತಿ. ಓದುವಾಗ ಕರುಳು ಹಿಂಡುತ್ತದೆ. 1667ರಲ್ಲಿ, ಕ್ರೈಸ್ತ ದೀಕ್ಷೆ ಪಡೆದರೂ ಬಿಡುಗಡೆಯಿಲ್ಲ ಎಂಬ ಕಾಯ್ದೆಯೂ ಬಂತು.

ಪ್ರೌಢಶಾಲೆಯ ಮಕ್ಕಳಿಗೆ ಸುಮ್ನೆ ಇಸವಿ ಬಾಯಿಪಾಠ ಮಾಡಿಸುವ ಬದಲು ಈ ಕಾಯ್ದೆಗಳನ್ನು, ಜಾನ್ ಪಂಚ್‌ನ ಕತೆಯನ್ನು ಬಿಡಿಸಿ ಹೇಳಬೇಕು. ನಿಮ್ಮ ಪತ್ರಿಕೆಯೇ ವಿದ್ಯಾರ್ಥಿಗಳಿಗಾಗಿ ಇಂಥ ಒಂದು ಸರಣಿ ಶುರುಮಾಡಲಿ.

— ಓರ್ವ ಓದುಗ, ಧಾರವಾಡ