ಸಭೆಯ ವಕೀಲರೇ ಆಗಬೇಕಾ?

ಧಾರವಾಡ

ಪ್ರೀತಿಯ ಮಗಳೇ,

ಕರ್ತನ ಹೆಸರಿನಲ್ಲಿ ನಿನಗೂ ಅಳಿಯಂದಿರಿಗೂ ವಂದನೆ. ನವನಗರದ ಸೈಟಿನ ಕಾಗದ ನೋಡಲು ನಮ್ಮ ಚರ್ಚಿನ ಸಭೆಯ ವಕೀಲರನ್ನೇ ಹಿಡಿಯಬೇಕಾ ಅಂತ ಕೇಳಿದ್ದೀಯ. ಹಿರಿಯರೊಬ್ಬರು "ನಮ್ಮವರನ್ನ ಬಿಟ್ಟು ಹೊರಗ ಯಾಕ ಹೋಗತೀರಿ" ಅಂದರಂತೆ. ಅಳಿಯಂದಿರಿಗೆ ಮನಸ್ಸಿಲ್ಲ. ನಡುವೆ ಸಿಕ್ಕಿಕೊಂಡವಳು ನೀನು.

ನೀನು ಆಗ ಮೂರನೇ ಇಯತ್ತೆ. ಈ ಮನೆ ಕಟ್ಟಲು ಗುತ್ತಿಗೆ ಕೊಟ್ಟಿದ್ದು ನಮ್ಮ ಸಭೆಯವರಿಗೇ. ಭಾನುವಾರ ನಮ್ಮ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಒಳ್ಳೆ ಕಂಠ. ಕರಾರು ಪತ್ರ ಮಾಡೋಣ ಅಂತ ಮಾತು ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ "ನಿಮಗೂ ನನಗೂ ಕಾಗದ ಏನ್ರೀ ಸರ್" ಅಂದುಬಿಟ್ಟರು. ನಾನು ನಕ್ಕೆ. ಆ ನಗುವಿಗೆ ಇವತ್ತಿಗೂ ದಂಡ ಕಟ್ಟುತ್ತಿದ್ದೇನೆ. ಸ್ಲ್ಯಾಬ್ ಹಾಕಿದ ದಿನ ಎಲ್ಲರೂ ನಿಂತು ಪ್ರಾರ್ಥನೆ ಮಾಡಿದೆವು. ಅದಕ್ಕೆ ನೀರು ಹೊಡೆಯಲು ಬರಬೇಕಿದ್ದ ಹುಡುಗ ನಾಲ್ಕು ದಿನ ಬಂದ, ಆಮೇಲೆ ಕಾಣಲಿಲ್ಲ. ಏಪ್ರಿಲ್ ಬಿಸಿಲು ಬೇರೆ. ಕೇಳಬೇಕಿತ್ತು, ಕೇಳಲಿಲ್ಲ. ಮೊದಲ ಮಳೆಗೇ ಪಡಸಾಲೆಯ ಮೂಲೆ ಸೋರಿತು. ನಿಮ್ಮವ್ವ ಅಲ್ಲಿ ಬೋಗಾಣಿ ಇಟ್ಟು, ಅದರೊಳಗೆ ಹಳೆ ಟವೆಲ್ ಹಾಕುತ್ತಿದ್ದಳು. ಟಪ್ ಟಪ್ ಸದ್ದಿಗೆ ನಿನ್ನ ನಿದ್ದೆ ಕೆಡಬಾರದು ಅಂತ.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಹೋಗಿ ಜಗಳ ತೆಗೆಯುತ್ತಿದ್ದೆ. ಇವರ ಹತ್ತಿರ ಹೇಗೆ? ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುವವರು. ಅವರ ಮುಖ ತಪ್ಪಿಸಲು ಆರು ತಿಂಗಳು ಆರಾಧನೆ ಮುಗಿಯುವ ಮೊದಲೇ ಎದ್ದು ಬಂದೆ. ಸ್ಲ್ಯಾಬೂ ಹೋಯಿತು, ಸಭೆಯೂ ಹೋಗುವುದಿತ್ತು. ಅವರನ್ನು ಮೋಸಗಾರ ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಆದರೆ ಈ ಮನುಷ್ಯ ಬಾಯಿ ತೆಗೆಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಒಂದೇ ಸಭೆ ಅಂದಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತದೆ ನೋಡು, ನನಗೆ ಹೆದರಿಕೆ ಅದರದ್ದೇ.

ನಿಮ್ಮಜ್ಜನ ಮನೆಯ ಹಂಚು ನೆನಪಿದೆಯಾ? ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾಯಿತು. ಎಲ್ಲ ಜಾತಿ ಮತದವರೂ ಆ ಹಂಚು ಕೊಂಡರು, ಸೋರುವುದಿಲ್ಲ ಅಂತ ಕೊಂಡರು. ಮಿಶನ್ನಿನ ಹೆಸರು ಹಂಚಿನ ಮೇಲೆ ಇತ್ತು ನಿಜ, ಆದರೆ ಅದಕ್ಕೆ ಬೆಲೆ ಬಂದಿದ್ದು ಭಟ್ಟಿಯಲ್ಲಿ.

ಹಿರಿಯರು ವಾಕ್ಯ ತೆಗೆದರೆ ನೀನೂ ಒಂದು ತೆಗೆ. ದೇವಾಲಯ ಕಟ್ಟುವಾಗ ಸೊಲೊಮೋನ ಮರಕ್ಕೆ ಹೇಳಿ ಕಳಿಸಿದ್ದು ಹೊರಗಿನವನಿಗೆ, ತೂರಿನ ಅರಸ ಹೀರಾಮನಿಗೆ. ಚೀದೋನಿನವರ ಹಾಗೆ ಮರ ಕಡಿಯುವವರು ನಮ್ಮಲ್ಲಿಲ್ಲ ಅಂತ ಸೊಲೊಮೋನನೇ ಒಪ್ಪಿಕೊಂಡ. ಒಂದನೇ ಅರಸುಗಳು, ಐದನೇ ಅಧ್ಯಾಯ. ದೇವರ ಮನೆಗೇ ನಡೆದದ್ದು ನಿನ್ನ ಮೂವತ್ತು-ನಲವತ್ತರ ಸೈಟಿಗೆ ನಡೆಯುವುದಿಲ್ಲವಾ?

ಹಾಗಂತ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ನಮ್ಮ ಹುಡುಗರು ಹೊಸದಾಗಿ ಕರಿ ಕೋಟು ಹಾಕಿದಾಗ ಮೊದಲ ಕೇಸು ಯಾರು ಕೊಡಬೇಕು? ನಾವೇ ಅಲ್ವಾ. ಕೊಟ್ಟರೆ ಪೂರ್ತಿ ಫೀಸು ಕೊಡು. ನಮ್ಮವರೇ ಅಂತ ಹೇಳಿ ಅರ್ಧಕ್ಕೆ ಇಳಿಸುವುದೂ ನಮ್ಮಲ್ಲಿ ಒಂದು ರೋಗ.

ಒಂದು ಕಡೆ ಮಾತ್ರ ನಾನೂ ನಮ್ಮ ನಂಬಿಕೆಯವರೇ ಬೇಕು ಅಂತ ನೋಡಿದ್ದೇನೆ. ಅಜ್ಜಿ ಹೋದ ಮೇಲೆ ನಿಮ್ಮವ್ವನಿಗೆ ನಿದ್ದೆಯೇ ಹೋಗಿತ್ತಲ್ಲ. ಅವಳು ಪ್ರಾರ್ಥನೆಯ ಮಾತೆತ್ತಿದರೆ ನಗದೆ ಕೇಳುವವರು ಬೇಕಿತ್ತು. ನಮ್ಮವರೇ ಒಬ್ಬ ಕೌನ್ಸೆಲರ್ ಸಿಕ್ಕರು, ಮಾತಾಡಿ ಹಗುರಾದಳು. ಗುಳಿಗೆ ಮಾತ್ರ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಡಾಕ್ಟರು ಬರೆದಿದ್ದೇ, ಅವರ ಮತ ಯಾವುದೋ ನಾವು ಕೇಳಲೂ ಇಲ್ಲ. ಗುಳಿಗೆ ಬಿಡು, ಪ್ರಾರ್ಥನೆ ಸಾಕು ಅಂತ ಯಾರಾದರೂ ಅಂದರೆ, ಎಷ್ಟೇ ಭಕ್ತರಿರಲಿ, ಚಪ್ಪಲಿ ಮೆಟ್ಟಿಕೊಂಡು ಎದ್ದು ಬಾ.

ಈಗ ವಕೀಲರ ವಿಷಯ. ಸಭೆಯವರ ಹತ್ತಿರವೂ ಹೋಗು, ಅಳಿಯಂದಿರು ಹೇಳಿದವರ ಹತ್ತಿರವೂ ಹೋಗು. ಇಬ್ಬರನ್ನೂ ಒಂದೇ ರೀತಿ ಕೇಳು. ಸೈಟಿನ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ 30 ವರ್ಷದ ಇ.ಸಿ. ತೆಗೆಸುತ್ತೀರಾ? ಹೊಲವನ್ನು ಕೃಷಿಯೇತರ ಮಾಡಿದ ಎನ್.ಎ. ಆದೇಶ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕಾಶೆ, ಆಸ್ತಿ ಯಾರ ಹೆಸರಿನಲ್ಲಿದೆ ಅಂತ ಹೇಳುವ ಉತಾರ, ಹಿಂದಿನವರ ಖರೀದಿ ಪತ್ರ, ಇವೆಲ್ಲದರ ಮೂಲ ಪ್ರತಿ ನೋಡುತ್ತೀರಾ? ನೋಡಿದ ಮೇಲೆ ಅಭಿಪ್ರಾಯ ಬರೆದು ಸಹಿ ಹಾಕಿ ಕೊಡುತ್ತೀರಾ? ಮಾರುವವರ ಕೆಲಸವನ್ನೂ ನೀವೇ ಹಿಡಿದಿದ್ದೀರಾ ಅಂತ ಮುಖ ನೋಡಿ ಕೇಳು. ಸುಮ್ನೆ "ಏನೂ ತೊಂದರೆ ಇಲ್ಲ, ತಗೊಳ್ಳಿ" ಅನ್ನುವವರನ್ನು ಬಿಡು. ಸಭೆಯವರ ಮುಂದೆ ಇದನ್ನೆಲ್ಲ ಕೇಳಲು ನಾಲಿಗೆ ಏಳದಿದ್ದರೆ ಅವರಿಗೆ ಕೆಲಸ ಕೊಡಲೇಬೇಡ. ಭಾನುವಾರ ಕೈ ಕುಲುಕಿದರೆ ಸಾಕು.

ಶನಿವಾರ ಚಿಗರಿ ಬಸ್ಸಿಗೆ ಬರುತ್ತೇನೆ. ಕಾಗದಗಳ ಝೆರಾಕ್ಸ್ ಎರಡು ಸೆಟ್ ಮಾಡಿಸಿಡು. ಅಲ್ಲಿಯವರೆಗೆ ಮುಂಗಡ ಅಂತ ಒಂದು ರೂಪಾಯಿಯೂ ಕೊಡಬೇಡಿ. ನಿಮ್ಮವ್ವ ಶೇಂಗಾ ಹೋಳಿಗೆ ಕಳಿಸುತ್ತಾಳೆ. ಮೂಲೆ ಈ ವರ್ಷವೂ ಸೋರುತ್ತಿದೆ, ಬೋಗಾಣಿ ಅಲ್ಲೇ ಇದೆ.

ನಿನ್ನ ಅಪ್ಪ